ಅಟ್ಟದಿಂದ ಇಳಿಸಿದ ಭೂಮಣ್ಣಿ ಬುಟ್ಟಿ

ಬುಟ್ಟಿ ಎತ್ತಿದ ಕೂಡಲೇ ಬುಡದಿಂದ ಹಿಟ್ಟು ಉದುರಿತು. ನುಣ್ಣಗೆ, ಗೋಧಿ ಹಿಟ್ಟಿನ ಹಾಗೆ. ಅಟ್ಟದ ಹಲಗೆ ಮೇಲೆ ಅದು ಕೂತಿದ್ದ ಜಾಗದಲ್ಲಿ ಸಣ್ಣ ಸಣ್ಣ ಗುಪ್ಪೆ ಬಿದ್ದಿತ್ತು. ಕುಟ್ಟೆ ಹುಳ ಹೊಕ್ಕಿದೆ ಅಂತ ಆಗಲೇ ಗೊತ್ತಾಯಿತು.

ಇದು ನಮ್ಮ ಅಜ್ಜಿಯ ಬುಟ್ಟಿ. ಉತ್ತರ ಕನ್ನಡದ ಸಿದ್ದಾಪುರ, ಶಿರಸಿ ಕಡೆಯ ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಇಂಥ ಬುಟ್ಟಿ ಹೊರುತ್ತಾರೆ. ಶೀಗೆ ಹುಣ್ಣಿಮೆ ಅಂತಲೂ ಕರೆಯುವುದುಂಟು. ವಿಜಯದಶಮಿ ಕಳೆದು ಐದನೇ ದಿನ ಬರುತ್ತದೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು. ರಾತ್ರಿಯೆಲ್ಲ ಕೂತು ಅಡುಗೆ ಮಾಡಿ, ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. ದೊಡ್ಡದು ಭೂಮಣ್ಣಿ ಬುಟ್ಟಿ. ಸೊಪ್ಪು ತರಕಾರಿ ಬೇಯಿಸಿದ ಹಚ್ಚಂಬ್ಲಿಯನ್ನು ಗದ್ದೆಗೆ ಬೀರಲು ಇನ್ನೊಂದು ಚಿಕ್ಕ ಬುಟ್ಟಿ. ಎರಡಕ್ಕೂ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ.

ಅಜ್ಜಿ ತೀರಿಕೊಂಡ ಮೇಲೆ ಎರಡು ವರ್ಷ ನಾವು ದೊಡ್ಡಮ್ಮನ ಮನೆ ಬುಟ್ಟಿಯಲ್ಲೇ ಹಬ್ಬ ಮಾಡಿದೆವು. ಈ ಬುಟ್ಟಿ ಚಂದ ಕಾಣಲಿ ಅಂತ ಆಗ ನಾನೇ ಅದಕ್ಕೆ ಎರಡು ಕೈ ವಾರ್ನಿಷ್ ಹೊಡೆದು ಜಗುಲಿಯಲ್ಲಿ ಇಟ್ಟಿದ್ದೆ. ಬಣ್ಣ ಮಾಸಬಾರದು, ಅಜ್ಜಿ ಬರೆದದ್ದು ಹಾಗೇ ಉಳಿಯಬೇಕು ಅನ್ನುವ ಆಸೆ. ಮಳೆಗಾಲ ಬಂತು ಅಂತ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಈ ಎರಡು ಕೆಲಸದಿಂದಲೇ ಬುಟ್ಟಿ ಹಾಳಾಯಿತು. ಮಣ್ಣಿನೊಳಗೆ ಸೇರಿದ ತೇವ ಹೊರಗೆ ಬರಲು ದಾರಿ ಇರಲಿಲ್ಲ. ವಾರ್ನಿಷ್ ಹಪ್ಪಳದ ಹಾಗೆ ಎದ್ದು ನಿಂತಿತ್ತು, ಅದರ ಅಡಿಗೆ ಕಪ್ಪು ಬೂಸ್ಟು.

ನವರಾತ್ರಿಗೆ ಮೂರು ವಾರ ಇರುವಾಗ

ಮೊದಲು ಅಳತೆ. ಬಾಯಿ 15 ಇಂಚು ಅಗಲ, ಎತ್ತರ 10 ಇಂಚು. ವಾಟೆ ಬಿದಿರಿನಲ್ಲಿ ಹೆಣೆದದ್ದು. ಬಾಯಿಯ ಸುತ್ತ ಬೆತ್ತದ ಕಟ್ಟು ಒಂದೂವರೆ ಗೇಣಿನಷ್ಟು ಬಿಚ್ಚಿಕೊಂಡಿತ್ತು. ನಿಲುವು ಕಡ್ಡಿ ನಾಲ್ಕು ಮುರಿದಿದ್ದವು. ಬುಡದ ಒಂದು ಮೂಲೆಯಲ್ಲಿ ಎರಡು ಬೆರಳು ಹೋಗುವಷ್ಟು ತೂತು.

ದೊಡ್ಡಮ್ಮ ಬಂದು ನೋಡಿದರು. ಬುಟ್ಟಿಯನ್ನು ಉಗುರಿನಿಂದ ತಟ್ಟುತ್ತ ಸುತ್ತ ಬಂದರು. ಗಟ್ಟಿ ಇರುವಲ್ಲಿ ಟಣ್ ಅನ್ನುವ ಸದ್ದು, ಹುಳ ತಿಂದಲ್ಲಿ ಸದ್ದೇ ಇಲ್ಲ.

"ತಂಗೀ, ಇದು ಇಷ್ಟು ವರ್ಷ ಹೆಂಗೆ ಉಳದಿತ್ತು ಗೊತ್ತಾ? ನಿಮ್ಮಜ್ಜಿ ಒಲೆ ಮೇಲಿನ ಅಟ್ಟದಾಗೆ ಇಡತಿದ್ದಳು. ಹೊಗೆ ತಾಗತಿತ್ತು."

ಹೌದು. ನಮ್ಮಲ್ಲಿ ಗ್ಯಾಸ್ ಬಂದ ಮೇಲೆ ಅಡುಗೆಮನೆಯಲ್ಲಿ ಹೊಗೆ ಇಲ್ಲ. ಬಿದಿರಿನ ಒಳಗೆ ಹಿಟ್ಟಿನ ಅಂಶ ಇರುತ್ತದೆ, ಹುಳಕ್ಕೆ ಬೇಕಾದದ್ದು ಅದೇ. ಹೊಗೆ ಹಿಡಿದ ಬಿದಿರು ಒಣಗಿ ಕಹಿಯಾಗಿ ಹುಳಕ್ಕೆ ರುಚಿಸುವುದಿಲ್ಲ. ಅಜ್ಜಿ ಮೊರ, ಗೆರಸಿ, ಬುಟ್ಟಿ ಎಲ್ಲವನ್ನೂ ಹೊಗೆ ಅಟ್ಟಕ್ಕೇ ಸೇರಿಸುತ್ತಿದ್ದರು. ನಾನು ಅದನ್ನು ಜಾಗ ಇಲ್ಲದ್ದಕ್ಕೆ ಅಂದುಕೊಂಡಿದ್ದೆ.

ಹಳೆ ಮಣ್ಣು ತೆಗೆದದ್ದು

ವಾರ್ನಿಷ್ ಎದ್ದಿದ್ದ ಕಡೆ ಕೈಯಲ್ಲೇ ಬಂತು. ಉಳಿದದ್ದಕ್ಕೆ ಒದ್ದೆ ಗೋಣಿ ತಾಟು ಸುತ್ತಿ ಅರ್ಧ ದಿನ ಇಟ್ಟೆ. ವಾರ್ನಿಷ್ ನೀರಿಗೆ ಕರಗುವುದಿಲ್ಲ, ಆದರೆ ಅದರ ಅಡಿಯ ಮಣ್ಣು ಮೆತ್ತಗಾಗುತ್ತದೆ. ಆಮೇಲೆ ತೆಂಗಿನ ಚಿಪ್ಪಿನ ಚೂರಿನಿಂದ ಕೆರೆದೆ. ಕಬ್ಬಿಣದ ಚಾಕು ಹಿಡಿದರೆ ಬಿದಿರಿನ ಸಿಪ್ಪೆ ಏಳುತ್ತದೆ, ಚಿಪ್ಪಿಗೆ ಆ ತೊಂದರೆ ಇಲ್ಲ.

ಬುಡದ ಹತ್ತಿರ ಒಂದು ಚಕ್ಕೆ ಇಡಿಯಾಗಿ ಕೈಗೆ ಬಂತು, ಹೆಬ್ಬೆರಳಿನ ಉಗುರಿನಷ್ಟು. ಅಡ್ಡ ಹಿಡಿದು ಬೆಳಕಿಗೆ ನೋಡಿದೆ. ಕೆಂಪು, ಅದರ ಮೇಲೆ ಕೂದಲೆಳೆಯಷ್ಟು ಬಿಳಿ, ಆಮೇಲೆ ಹಸಿರು ಕಂದು ಸಗಣಿ, ಮತ್ತೆ ಕೆಂಪು, ಮತ್ತೆ ಬಿಳಿ. ಏಳು ಕೆಂಪು ಪದರ ಎಣಿಸಿದೆ. ಅಜ್ಜಿ ಪ್ರತಿ ವರ್ಷ ಬುಟ್ಟಿ ತೊಳೆದು ಹೊಸದಾಗಿ ಬಳಿಯುತ್ತಿದ್ದರು, ಬುಡದಲ್ಲಿ ಮಾತ್ರ ಹಳೆಯದು ಪೂರ್ತಿ ಹೋಗದೆ ಉಳಿದಿತ್ತು. ಏಳು ಹಬ್ಬ ಆ ಚಕ್ಕೆಯೊಳಗೆ ಕೂತಿತ್ತು.

ಮೇಲಿನ ಪದರ ಕೆರೆಯುವಾಗ ಅಡಿಗೆ ಇನ್ನೊಂದು ವರ್ಷದ ಚಿತ್ತಾರ ಕಂಡಿತು. ಮಸುಕಾಗಿ, ಆದರೆ ಗೆರೆ ಗೊತ್ತಾಗುತ್ತಿತ್ತು. ಎಳೆ ಎಳೆ ಐದು ಗೆರೆ, ನಡುವೆ ಜೋಗಿ ಜಡೆ ಅನ್ನುವ ಚಿತ್ತಾರ, ಕೆಳಗೆ ಭತ್ತದ ಸಸಿ ಸಾಲು. ಕೈ ನಿಂತಿತು. ಇದನ್ನೂ ಕೆರೆಯಬೇಕಾ? ಕೆರೆಯದಿದ್ದರೆ ಅದರ ಹಿಂದಿನ ಮುರಿದ ಕಡ್ಡಿ ಬದಲಿಸಲು ಆಗುವುದಿಲ್ಲ. ಒಂದು ದಿನ ಬುಟ್ಟಿ ಹಾಗೇ ಇಟ್ಟೆ.

ಮರುದಿನ ದೊಡ್ಡಮ್ಮನಿಗೆ ತೋರಿಸಿದೆ. ಅವರು ಗೆರೆ ಮೇಲೆ ಬೆರಳು ಆಡಿಸಿದರು, ಆಮೇಲೆ ನೀರಿನ ಚೆಂಬು ನನ್ನ ಕಡೆ ತಳ್ಳಿದರು. "ಅವಳು ಇಟ್ಟುಕೊಂಡಿದ್ದಳಾ? ಪ್ರತಿ ವರ್ಷ ಅವಳೇ ತೊಳೀತಿದ್ದಳು."

ಫೋಟೋ ತೆಗೆದುಕೊಂಡೆ. ತೆಳು ಕಾಗದ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಇಳಿಸಿದೆ. ಗೆರೆ ಗೆರೆ ನಡುವಿನ ಅಂತರ ಅಳೆದು ಬರೆದುಕೊಂಡೆ. ಆಮೇಲೆ ತೊಳೆದೆ. ಆ ಚಕ್ಕೆ ಮಾತ್ರ ಕುಂಕುಮದ ಭರಣಿಯಲ್ಲಿದೆ.

ಹುಳ ಕೊಂದದ್ದು

ಊಟ ಹೊರುವ ಬುಟ್ಟಿ, ಹಾಗಾಗಿ ಅಂಗಡಿಯ ಹುಳದ ಔಷಧ ಬೇಡ ಅಂದುಕೊಂಡೆ. ಬಿಸಿಯೇ ಸಾಕು. ಬಚ್ಚಲ ಹಂಡೆಯಲ್ಲಿ ನೀರು ಕುದಿಸಿ, ಬಾಯಿ ಮೇಲೆ ಎರಡು ಬಿದಿರು ಕೋಲು ಅಡ್ಡ ಇಟ್ಟು, ಬುಟ್ಟಿ ಕವುಚಿ, ಮೇಲಿಂದ ಒದ್ದೆ ಗೋಣಿ ತಾಟು ಮುಚ್ಚಿದೆ. ಒಂದು ತಾಸು ಆವಿ. ಬಿದಿರಿನ ಒಳಗಿನವರೆಗೂ ಬಿಸಿ ಮುಟ್ಟಬೇಕು, ಸುಮ್ನೆ ಕುದಿಯುವ ನೀರು ಮೇಲೆ ಹೊಯ್ದರೆ ಆಗದು. ಆಮೇಲೆ ಎರಡು ದಿನ ಬಿಸಿಲು. ಸೆಪ್ಟೆಂಬರಿನ ಬಿಸಿಲು ನಮ್ಮಲ್ಲಿ ನಂಬುವ ಹಾಗಿಲ್ಲ, ನಾಲ್ಕು ಸಲ ಒಳಗೆ ಹೊರಗೆ ಓಡಾಡಿದೆ.

ಹುಳ ಸತ್ತಿತೋ ಇಲ್ಲವೋ ನೋಡಲು ಸುಲಭ ಉಪಾಯ ಇದೆ. ಬುಟ್ಟಿಯನ್ನು ಜೋರಾಗಿ ತಟ್ಟಿ ಹಳೆ ಹಿಟ್ಟೆಲ್ಲ ಉದುರಿಸಿ, ಕಪ್ಪು ಬಟ್ಟೆ ಮೇಲೆ ಇಡಿ. ಹುಳ ಬದುಕಿದ್ದರೆ ಬಟ್ಟೆ ಮೇಲೆ ಹೊಸ ಹಿಟ್ಟು ಬೀಳುತ್ತದೆ. ನಾನು ಐದು ದಿನ ಇಟ್ಟೆ. ಮೂರನೇ ದಿನ ಒಂದು ಚಿಟಿಕೆ ಕಂಡಿತು. ಮತ್ತೆ ಹಂಡೆ, ಮತ್ತೆ ಒಂದು ತಾಸು. ಆಮೇಲೆ ಬಟ್ಟೆ ಕಪ್ಪಾಗಿಯೇ ಉಳಿಯಿತು.

ಕಡ್ಡಿ ಮತ್ತು ಕಟ್ಟು

ಹೆಣಿಗೆ ನನಗೆ ಬರುವುದಿಲ್ಲ. ಬುಟ್ಟಿ ಹೆಣೆಯುವ ಒಬ್ಬ ಅಜ್ಜ ಶಿರಸಿ ಸಂತೆಗೆ ಬರುತ್ತಾರೆ. ಅವರ ಹತ್ತಿರ ಸೀಳಿದ ವಾಟೆ ದಬ್ಬೆ ತಂದೆ, ಅವರೇ ಎರಡು ಕಡ್ಡಿ ಕೂರಿಸಿ ತೋರಿಸಿದರು. ಉಳಿದ ಎರಡು ನಾನು ಹಾಕಿದೆ.

ಅವರು ಹೇಳಿದ್ದರಲ್ಲಿ ಮುಖ್ಯ ಎರಡು. ಮುರಿದ ಕಡ್ಡಿಯನ್ನು ಪೂರ್ತಿ ಎಳೆದು ತೆಗೆಯಬಾರದು, ಸುತ್ತಲಿನ ಹೆಣಿಗೆ ಸಡಿಲ ಆಗುತ್ತದೆ. ಮುರಿದಲ್ಲಿ ಕತ್ತರಿಸಿ, ಹೊಸ ಕಡ್ಡಿಯನ್ನು ಅದರ ಪಕ್ಕಕ್ಕೇ ತೂರಿಸಬೇಕು, ಮೇಲೆ ಕೆಳಗೆ ಮೂರು ಮೂರು ಸುತ್ತಿನಷ್ಟು ಹಳೆಯದರ ಜೊತೆ ಸೇರಿರಬೇಕು. ಇನ್ನೊಂದು, ಸಿಪ್ಪೆಯ ಕಡೆ ಹೊರಗೆ ಬರಬೇಕು. ಗಟ್ಟಿ ಇರುವುದು ಅದೇ. ನಾನು ಒಂದು ಕಡ್ಡಿಯನ್ನು ತಿರುವುಮುರುವು ಹಾಕಿದ್ದೆ. ಬಗ್ಗಿಸುವಾಗ ಚರ್ ಅಂತ ಸೀಳಿತು. ಎರಡನೇ ಸಲ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ತುದಿಯನ್ನು ಕತ್ತಿಯಿಂದ ಚೂಪು ಮಾಡಿ, ಸಿಪ್ಪೆ ಹೊರಗೆ ಮಾಡಿ ತೂರಿಸಿದೆ. ಸಲೀಸಾಗಿ ಹೋಯಿತು.

ಬುಡದ ತೂತಿಗೆ ಐದು ಸೀಳು ಅಡ್ಡ, ಐದು ಉದ್ದ ಹೆಣೆದೆ. ಚಂದ ಬರಲಿಲ್ಲ. ಮಣ್ಣಿನ ಅಡಿಗೆ ಹೋಗುತ್ತದೆ, ಗಟ್ಟಿ ಇದ್ದರೆ ಆಯಿತು.

ಬಾಯಿಯ ಕಟ್ಟಿಗೆ ಬೆತ್ತ. ಕುರ್ಚಿ ಹೆಣೆಯುವವರ ಹತ್ತಿರ ಸೀಳಿದ ಬೆತ್ತ ಸಿಗುತ್ತದೆ. ಮುಕ್ಕಾಲು ತಾಸು ನೆನೆಸಿದರೆ ಚರ್ಮದ ಪಟ್ಟಿಯ ಹಾಗೆ ಬಗ್ಗುತ್ತದೆ. ಒದ್ದೆ ಇರುವಾಗ ಎಳೆದು ಕಟ್ಟಬೇಕು, ಒಣಗಿದ ಮೇಲೆ ತಾನೇ ಬಿಗಿಯುತ್ತದೆ. ಕಟ್ಟಿದ ಮರುದಿನ ಬುಟ್ಟಿಯಲ್ಲಿ 8 ಕೆಜಿ ಅಕ್ಕಿ ಹಾಕಿ ತಲೆ ಮೇಲೆ ಹೊತ್ತು ಅಂಗಳ ನಾಲ್ಕು ಸುತ್ತು ಬಂದೆ. ಎಲ್ಲೂ ಕಿರ್ ಅನ್ನಲಿಲ್ಲ.

ಕೆಮ್ಮಣ್ಣು

ಮನೆ ಹಿಂದಿನ ಧರೆಯಿಂದ ತೆಗೆದೆ. ಮೇಲಿನ ಒಂದು ಗೇಣು ಬಿಟ್ಟು ಅಡಿಯ ಮಣ್ಣು ಬೇಕು, ಮೇಲೆ ಬೇರು, ಎಲೆ ಜಾಸ್ತಿ. ಒಂದು ಬಕೆಟ್ ನೀರಿಗೆ ಮಣ್ಣು ಹಾಕಿ ಚೆನ್ನಾಗಿ ಕಲಸಿ, ಇಪ್ಪತ್ತು ಎಣಿಸುವಷ್ಟು ಹೊತ್ತು ಬಿಡಿ. ಕಲ್ಲು, ಮರಳು ಕೆಳಗೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮೇಲೆ ತಿಳಿ ನೀರು, ಅಡಿಗೆ ಬೆಣ್ಣೆಯಂಥ ಮಣ್ಣು. ನಾನು ಇದನ್ನು ಎರಡು ಸಲ ಮಾಡಿದೆ. ಬೆರಳ ನಡುವೆ ತಿಕ್ಕಿದರೆ ಒಂದು ಹರಳೂ ಸಿಗಬಾರದು.

ನೇರ ಬುಟ್ಟಿಗೆ ಬಳಿಯುವ ಧೈರ್ಯ ಆಗಲಿಲ್ಲ. ಮೂಲೆ ಹರಿದ ಹಳೆ ಮೊರದ ಮೇಲೆ ಮೊದಲು ನೋಡಿದೆ. ಒಂದೇ ಸಲಕ್ಕೆ ದಪ್ಪಗೆ, ದೋಸೆಯಷ್ಟು ಬಳಿದು ಬಿಸಿಲಿಗೆ ಇಟ್ಟೆ. ಸಂಜೆಗೆ ಬೇಸಿಗೆಯ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತು. ನುಣ್ಣನೆ ಮಣ್ಣು ಒಣಗುವಾಗ ಕುಗ್ಗುತ್ತದೆ, ದಪ್ಪ ಇದ್ದಷ್ಟೂ ಬಿರುಕು ಜಾಸ್ತಿ. ಅದನ್ನು ತಡೆಯುವುದು ಸಗಣಿ. ಸಗಣಿಯಲ್ಲಿ ದನ ಮೇದ ಹುಲ್ಲಿನ ಸಣ್ಣ ಸಣ್ಣ ನಾರು ಇರುತ್ತದೆ, ಅದು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಕೊಟ್ಟಿಗೆಯಲ್ಲೇ ಹಿಂಡಿ ತಿಂದು ನಿಂತ ದನದ ಸಗಣಿ ಇದಕ್ಕೆ ಆಗದು. ಬೇಣದಲ್ಲಿ ಮೇದು ಬಂದ ದನದ್ದು ಬೇಕು, ಅದೂ ಆ ದಿನದ್ದೇ.

ಕೊನೆಗೆ ನಿಂತ ಲೆಕ್ಕ ಹೀಗಿದೆ. ಮೊದಲ ಕೈಗೆ ಬರೀ ಸಗಣಿ, ಹೆಣಿಗೆಯ ಸಂದಿಗೆಲ್ಲ ಬೆರಳಿನಿಂದ ಒತ್ತಿ ತುಂಬಬೇಕು. ಎರಡನೇ ಕೈಗೆ ಎರಡು ಬಟ್ಟಲು ಕೆಮ್ಮಣ್ಣಿಗೆ ಒಂದು ಬಟ್ಟಲು ಸಗಣಿ. ಮೂರನೆಯದು ಬರೀ ಕೆಮ್ಮಣ್ಣು, ಮಜ್ಜಿಗೆಯಷ್ಟು ತೆಳ್ಳಗೆ, ಅದಕ್ಕೆ ಒಂದು ಸೌಟು ಅನ್ನದ ಗಂಜಿ. ಗಂಜಿ ಹಾಕಿದರೆ ಒಣಗಿದ ಮೇಲೆ ಕೈಗೆ ಕೆಂಪು ಹತ್ತುವುದಿಲ್ಲ. ಪ್ರತಿ ಕೈ ನೆರಳಿನಲ್ಲೇ ಒಣಗಬೇಕು.

ವಿಜಯದಶಮಿಯಿಂದ ಹುಣ್ಣಿಮೆ

ಪದ್ಧತಿಯಂತೆ ದಶಮಿ ದಿನ ಸಗಣಿ ಬಳಿದೆವು. ಏಕಾದಶಿ ಬೆಳಿಗ್ಗೆ ಎರಡನೇ ಕೈ, ಸಂಜೆ ಮೂರನೆಯದು. ದ್ವಾದಶಿ ಬೆಳಿಗ್ಗೆ ಎದ್ದು ನೋಡಿದರೆ ಬುಟ್ಟಿ ಕೆಂಪಗೆ, ಒಂದು ಬಿರುಕೂ ಇಲ್ಲದೆ ಕೂತಿತ್ತು. ಎಷ್ಟೋ ಹೊತ್ತು ಅದನ್ನೇ ನೋಡಿದೆ.

ಬರೆಯಲು ಕುಂಚ ಬೇಕು. ಪುಂಡಿ ನಾರನ್ನು ಒಂದು ಬೆರಳುದ್ದ ಕತ್ತರಿಸಿ, ತುದಿಯನ್ನು ಕಲ್ಲಿನಿಂದ ಮೆಲ್ಲಗೆ ಜಜ್ಜಿ, ನೂಲಿನಿಂದ ಬಿಗಿದರೆ ಆಯಿತು. ಎರಡು ಮಾಡಿಕೊಂಡೆ, ಸಪೂರಕ್ಕೊಂದು, ತುಸು ದಪ್ಪಕ್ಕೊಂದು. ಬಿಳಿಗೆ ಅಕ್ಕಿ ನೆನೆಸಿ ಅರೆದೆ. ಮೊದಲು ಮಿಕ್ಸಿಯಲ್ಲಿ ಹಾಕಿದ್ದೆ, ತರಿ ಉಳಿದು ಗೆರೆ ಅಲ್ಲಲ್ಲಿ ಹರಿಯಿತು. ಒರಳಿನಲ್ಲಿ ಅರೆದು ಬಟ್ಟೆಯಲ್ಲಿ ಸೋಸಿದ ಮೇಲೆ ಸರಿಯಾಯಿತು. ಕಪ್ಪಿಗೆ ಅಕ್ಕಿಯನ್ನೇ ಬಾಣಲೆಯಲ್ಲಿ ಇದ್ದಲಾಗುವವರೆಗೆ ಹುರಿದು ಅರೆದೆ. ಹಳದಿಗೆ ನಮ್ಮವರು ಗುರಿಗೆ ಕಾಯಿ ಬಳಸುತ್ತಾರೆ. ಅದು ನನಗೆ ಸಿಗಲಿಲ್ಲ, ಅರಿಶಿನ ತೆಗೆದುಕೊಂಡೆ.

ಬಿಳಿಗೆ ಒಂದು ಚಿಟಿಕೆ ಸುಣ್ಣ ಸೇರಿಸುವುದು ನನ್ನದೇ ಬುದ್ಧಿ. ಅಕ್ಕಿ ಹಿಟ್ಟಿಗೆ ಬೂಸ್ಟು ಬೇಗ ಹಿಡಿಯುತ್ತದೆ, ಸುಣ್ಣ ಇದ್ದರೆ ಹಿಡಿಯದು ಅನ್ನುವ ಲೆಕ್ಕ. ಗೆರೆ ಎಳೆದೆ. ಭತ್ತದ ತೆನೆಗೆ ಅರಿಶಿನದ ಚುಕ್ಕಿ ಇಟ್ಟೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಬಿಳಿ ಗೆರೆಗೆ ತಾಗಿದ ಚುಕ್ಕಿಗಳೆಲ್ಲ ರಕ್ತದ ಬಣ್ಣಕ್ಕೆ ತಿರುಗಿವೆ! ಅರಿಶಿನ ಮತ್ತು ಸುಣ್ಣ ಸೇರಿದರೆ ಓಕುಳಿ. ಮದುವೆಮನೆಯಲ್ಲಿ ಆರತಿ ತಟ್ಟೆಗೆ ಎಷ್ಟು ಸಲ ನಾನೇ ಕಲಸಿದ್ದೇನೆ, ಆ ಹೊತ್ತಿಗೆ ನೆನಪಾಗಲಿಲ್ಲ. ಅಳು ಬಂತು. ದೊಡ್ಡಮ್ಮ ಒದ್ದೆ ಬಟ್ಟೆಯಿಂದ ಆ ಪಟ್ಟಿಯನ್ನಷ್ಟೇ ಒರೆಸಿ, ಮೇಲೆ ತೆಳ್ಳಗೆ ಕೆಮ್ಮಣ್ಣು ಸವರಿದರು. ಅರ್ಧ ತಾಸಿನಲ್ಲಿ ಒಣಗಿತು. "ಮಣ್ಣಲ್ವಾ, ಮತ್ತೆ ಬರಿ" ಅಂದರು. ಅಕ್ರಿಲಿಕ್ ಬಣ್ಣ ಆಗಿದ್ದರೆ ಹೀಗೆ ಒರೆಸಲು ಬರುತ್ತಿತ್ತಾ? ಈಗ ಮನೆ ಅಲಂಕಾರಕ್ಕೆ ಅಂತ ಚಿತ್ತಾರದ ಬುಟ್ಟಿಗಳನ್ನು ಆ ಬಣ್ಣದಲ್ಲೇ ಬರೆಯುವುದು ನೋಡುತ್ತೇನೆ. ಬಾಳಿಕೆ ಬರುತ್ತದೆ ನಿಜ. ನನಗೆ ಮಾತ್ರ ವಾರ್ನಿಷಿನಿಂದ ಆದದ್ದು ಸಾಕು. ಸುಣ್ಣ ಇಲ್ಲದ ಬಿಳಿ ಮತ್ತೆ ಅರೆದೆ. ಅರಿಶಿನದ ಚುಕ್ಕಿಯನ್ನೂ ಬಿಟ್ಟೆ, ಅದು ಬಿಸಿಲಿಗೆ ಮಾಸುತ್ತದೆ.

ಗೋಡೆಯ ಹಸೆ ಚಿತ್ತಾರಕ್ಕೆ ಉದ್ದ ಗೆರೆ ಬೇಕಾದರೆ ನೂಲನ್ನು ಬಣ್ಣದಲ್ಲಿ ಅದ್ದಿ, ಎರಡು ಕಡೆ ಹಿಡಿದು ಮೀಟುತ್ತಾರೆ. ಗುಂಡಗಿನ ಬುಟ್ಟಿಗೆ ಅದು ನಡೆಯದು. ದೊಡ್ಡಮ್ಮ ಹೇಳಿಕೊಟ್ಟ ಹಾಗೆ ಕುಂಚದ ತುದಿಯಿಂದ ಬರೆಯದೆ, ನಾರನ್ನು ಪೂರ್ತಿ ಮಲಗಿಸಿ, ಕೈ ಅಲ್ಲಾಡಿಸದೆ ಬುಟ್ಟಿಯನ್ನೇ ಎಡಗೈಯಿಂದ ತಿರುಗಿಸಿದೆ. ಮೊದಲ ಎರಡು ಗೆರೆ ಅಂಕುಡೊಂಕು. ಮೂರನೆಯದು ನೆಟ್ಟಗೆ ಬಂತು. ಐದನೆಯದಕ್ಕೆ ಉಸಿರು ಬಿಗಿ ಹಿಡಿಯುವುದೂ ತಪ್ಪಿತು.

ಅಜ್ಜಿಯ ಅಳತೆಯನ್ನೇ ಇಟ್ಟೆ. ಗೆರೆ ಗೆರೆ ನಡುವೆ ಒಂದು ಅಕ್ಕಿ ಕಾಳಿನ ಉದ್ದ. ಪೆನ್ಸಿಲಿನಲ್ಲಿ ಇಳಿಸಿಕೊಂಡ ಜೋಗಿ ಜಡೆ ಒಂದು ಕಡೆ ಅಗಲ, ಇನ್ನೊಂದು ಕಡೆ ಇಕ್ಕಟ್ಟು. ಬುಟ್ಟಿ ಸುತ್ತ ಬರುವಾಗ ಕೊನೆಯಲ್ಲಿ ಅವರಿಗೆ ಜಾಗ ಸಾಲದೆ ಹತ್ತಿರ ಹತ್ತಿರ ಬರೆದಿದ್ದರು ಅಂತ ಕಾಣುತ್ತದೆ. ಸರಿ ಮಾಡಿ ಬರೆಯಬಹುದಿತ್ತು. ಮಾಡಲಿಲ್ಲ, ಹಾಗೇ ಬರೆದೆ. ಭತ್ತದ ಸಸಿ ಕೆಳಗಿನ ಸಾಲು. ಅದರ ಮೇಲೆ ಗೊಂಬೆಗಳ ಸಾಲು, ಇದು ಮಾತ್ರ ನನ್ನದು. ನಾಲ್ಕು ಹೆಂಗಸರು, ಒಬ್ಬಳ ತಲೆ ಮೇಲೆ ಬುಟ್ಟಿ.

ಹುಣ್ಣಿಮೆ ಬೆಳಗಿನ ಜಾವ ನಾಲ್ಕಕ್ಕೆ ಕಡುಬು, ಪಲ್ಯ, ಬಾಳೆ ಎಲೆ ಕಟ್ಟು ಎಲ್ಲ ಬುಟ್ಟಿಗೆ ತುಂಬಿದೆವು. ಗದ್ದೆ ಅಂಚಿನ ಹುಲ್ಲಿಗೆ ಇಬ್ಬನಿ ಜೋರಾಗಿತ್ತು. ಬುಟ್ಟಿಯ ಬುಡ ಹೊಡೆ ತುಂಬಿದ ಭತ್ತಕ್ಕೆ ತಾಗಿ ಒಂದು ಕಡೆ ಗೆರೆ ಸ್ವಲ್ಪ ಕರಗಿತು. ಕಟ್ಟು ಹಂದಲಿಲ್ಲ. ಭೂಮಿತಾಯಿ ಉಂಡು ಹೋಗಲಿ ಅಂತ ಕೂಗುತ್ತ ಹಚ್ಚಂಬ್ಲಿ ಬೀರಿದೆವು, ಅಲ್ಲೇ ಕೂತು ಉಂಡೆವು.

ಒಟ್ಟು ಖರ್ಚು ವಾಟೆ ದಬ್ಬೆಗೆ ಮತ್ತು ಬೆತ್ತಕ್ಕೆ ಮಾತ್ರ. ಉಳಿದದ್ದೆಲ್ಲ ಮನೆಯದೇ.

ಹಬ್ಬ ಮುಗಿದ ಮೇಲೆ ಎರಡು ದಿನ ಒಣಗಿಸಿದೆ. ಈಗ ಬುಟ್ಟಿ ಬಚ್ಚಲ ಒಲೆಯ ಬಾಯಿಯಿಂದ ಆರು ಅಡಿ ದೂರದಲ್ಲಿ, ಮಾಡಿನ ಪಕಾಸಿಗೆ ನೇತಾಡುತ್ತಿದೆ. ಆವಿ ತಾಗುವುದಿಲ್ಲ, ದಿನಾ ಬೆಳಿಗ್ಗೆ ಹೊಗೆ ತಾಗುತ್ತದೆ. ಬಿಳಿ ಗೆರೆ ಆಗಲೇ ಕೆನೆಬಣ್ಣಕ್ಕೆ ತಿರುಗಿದೆ. ಅದರ ಕೆಳಗೆ ಕಪ್ಪು ಬಟ್ಟೆ ಹಾಸಿಟ್ಟಿದ್ದೇನೆ. ಇವತ್ತು ಬೆಳಿಗ್ಗೆ ನೋಡಿದೆ, ಬರೀ ಬೂದಿ ಇತ್ತು, ಹಿಟ್ಟು ಇರಲಿಲ್ಲ.